ಎರಡರಿಂದ ಎಂಟು ಡಿಗ್ರಿ

ಓಮ್ದುರ್ಮಾನಿನಲ್ಲಿ ನನ್ನದೊಂದು ಔಷಧದಂಗಡಿ ಇತ್ತು,
ಗಾಜಿನ ಬಾಗಿಲ ಫ್ರಿಜ್ಜು ಇತ್ತು, ಅದರ ಹೊಟ್ಟೆಯೊಳಗೆ
ಹಗಲೂ ರಾತ್ರಿ ಗುಂಯ್‌ಗುಡುವ ಚಳಿಗಾಲ.
ಇನ್ಸುಲಿನ್ ಕೊಳ್ಳುವವರಿಗೆಲ್ಲ ಬೆರಳೆತ್ತಿ ಹೇಳುತ್ತಿದ್ದೆ:
ಎರಡರಿಂದ ಎಂಟು ಡಿಗ್ರಿ. ಒಂಬತ್ತಲ್ಲ.

ಈಗ ಕಸಲಾದಲ್ಲಿ, ಬೇವಿನ ಮರದ ಕೆಳಗೆ,
ಸಿತ್ತಾನಾಳ ಚಹಾದ ಮಣೆಯ ಮೇಲೆ ಕೂತಿದ್ದೇನೆ.
ನಲವತ್ತಮೂರು ಡಿಗ್ರಿ.
ಕರೆಂಟು ಯಾವಾಗ ಬರುತ್ತದೆಂದು ಕೇಳುವುದನ್ನೂ ಜನ ಬಿಟ್ಟಿದ್ದಾರೆ.

ಮುದುಕ ಅಬ್ಕರ್ ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಂಡು
ಅದೇ ಚಹಾದಲ್ಲಿ ಮೆಟ್‌ಫಾರ್ಮಿನ್ ನುಂಗುತ್ತಾನೆ.
"ಕಳ್ಳನನ್ನೂ ಪೊಲೀಸನನ್ನೂ ಒಟ್ಟಿಗೇ ಒಳಗೆ ಕಳಿಸಿದ್ದೇನೆ,
ಅವರವರೇ ಬಗೆಹರಿಸಿಕೊಳ್ಳಲಿ."
ಎಲ್ಲರೂ ನಗುತ್ತಾರೆ. ಸಿತ್ತಾನಾ ನಗುವುದಿಲ್ಲ.
ದಿನಕ್ಕೆ ಮೂರು ಕಿಲೋ ಸಕ್ಕರೆ ಊರಿಗೆ ಹಂಚುವ ಅವಳ ಕೈ
ಸಂಜೆ ಮಗನ ತೊಡೆ ಹಿಡಿದು ಸೂಜಿ ಚುಚ್ಚುತ್ತದೆ.
ಮುಝಮ್ಮಿಲ್‌ಗೆ ಒಂಬತ್ತು.
ಮಾತ್ರೆಯ ಮಾತು ಕೇಳದ ಜಾತಿಯ ಕಾಯಿಲೆ ಅವನದು.

ನಿನ್ನೆ ನನ್ನನ್ನು ಒಳಗೆ ಕರೆದಳು.
ಮೂಲೆಯಲ್ಲಿ ಮಣ್ಣಿನ ಝೀರ್, ಮೈತುಂಬ ಒದ್ದೆ ಗೋಣಿ.
ಅದರೊಳಗೊಂದು ಕುಡಿಕೆ, ಕುಡಿಕೆಯೊಳಗೆ ಪ್ಲಾಸ್ಟಿಕ್ ಚೀಲ,
ಚೀಲದೊಳಗೆ ಹೆಬ್ಬೆರಳುದ್ದದ ಸೀಸೆ,
ಬಾಣಂತಿ ಕೋಣೆಯ ಕೂಸಿನ ಹಾಗೆ ಸುತ್ತಿಟ್ಟದ್ದು.
"ಇದಿನ್ನೂ ಔಷಧವೇ, ಡಾಕ್ಟರೇ?"
ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಮುಚ್ಚಳ ಚುಚ್ಚಿ ನಲವತ್ತೊಂದು ದಿನ. ಚೀಟಿ ಹೇಳುವುದು ಇಪ್ಪತ್ತೆಂಟು.
ಕುಲುಕದೆ, ಅಂಗೈಗಳ ನಡುವೆ ಉರುಳಿಸಿ
ಬಿಸಿಲಿಗೆ ಹಿಡಿದೆ. ಗಾಜಿಗೆ ಹಿಮ ಹತ್ತಿದಂತಿದ್ದರೆ
ಸತ್ತಿದೆಯೆಂದು ಲೆಕ್ಕ.
ಹತ್ತಿರಲಿಲ್ಲ. ಗಂಜಿತಿಳಿಯಂತೆ ಸಮವಾಗಿ ಬೆಳ್ಳಗಿತ್ತು.
ಆದರೆ ಅರ್ಧ ಸತ್ತದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ.

"ರಕ್ತ ನೋಡುವ ಪಟ್ಟಿ?" ಎಂದೆ.
ಮುಗಿದು ತಿಂಗಳಾಯಿತು, ಈಗ ಇರುವೆ ನೋಡುತ್ತೇನೆ, ಎಂದಳು.
ಹಿತ್ತಲ ಗೋಡೆಯ ಬುಡ ತೋರಿಸಿದಳು,
ಹುಡುಗ ಬೆಳಿಗ್ಗೆ ಎದ್ದು ಉಚ್ಚೆ ಹೊಯ್ಯುವ ಜಾಗ.
ಸಾಲು ಕಟ್ಟಿ ಬಂದರೆ ಎರಡು ಗೆರೆ ಹೆಚ್ಚು,
ಬರದಿದ್ದರೆ ಎಂದಿನಷ್ಟೇ.
ನನ್ನ ಪದವಿಪತ್ರ ಇನ್ನೊಂದು ಗೋಡೆಯ ಮೇಲೆ ಉಳಿದಿದೆ,
ಗೋಡೆ ಉಳಿದಿದ್ದರೆ.

ಎಂಟು ಡಿಗ್ರಿ ಎನ್ನುವುದು ಬಾಯಿಗೆ ಬರಲಿಲ್ಲ.
"ಗೋಣಿ ಒಣಗಲು ಬಿಡಬೇಡ," ಎಂದೆ, "ರಾತ್ರಿಯೂ ಎದ್ದು ನೀರು ಹಾಕು."
"ಹಾಕುತ್ತೇನೆ," ಎಂದಳು,
ನಾನೇ ಕಲಿಸಿಕೊಟ್ಟೆನೇನೋ ಎಂಬಂತೆ.

ಇವತ್ತು ಚಹಾಕ್ಕೂ ಮೊದಲು ಹಿತ್ತಲಿಗೆ ಹೋದೆ.
ಗೋಡೆಯ ಬುಡ ಒದ್ದೆ. ಒಂದೂ ಇಲ್ಲ.
ಮಂಡಿಯೂರಿ ಇನ್ನೊಮ್ಮೆ ನೋಡಿದೆ.
ವಾಪಸು ಬಂದರೆ, ನಿನ್ನೆಯ ನನ್ನ ಲೋಟದ ತಳದಲ್ಲಿ
ಕಪ್ಪಗೆ ಮುತ್ತಿಕೊಂಡಿದ್ದವು.
ತೊಳೆಯಲು ಅವಳು ಕೈ ಚಾಚಿದಳು.
ಸ್ವಲ್ಪ ಇರಲಿ, ಎಂದೆ.