ಷರತ್ತು ಪೂರೈಸಿಲ್ಲ

ಲಿಯೆಪಾಯದಲ್ಲಿ ಫೆಬ್ರವರಿ ಎಂದರೆ
ಬಾಗಿಲನ್ನು ನಾವು ಮುಚ್ಚುವುದಿಲ್ಲ, ಕಡಲ ಗಾಳಿ ಮುಚ್ಚುತ್ತದೆ.
ಸ್ಕೈದ್ರೀತೆಯ ಬ್ರೆಡ್ ವ್ಯಾನು ಹನ್ನೊಂದು ದಿನ
ಟ್ರ್ಯಾಕ್ಟರುಗಳ ಹಿಂದೆ ತೆವಳಿ ತೆವಳಿ
ಕೊನೆಗೆ ನಮ್ಮ ಶೆಡ್ಡಿಗೆ ಬಂತು.
"ದಮ್ಮೇ ಇಲ್ಲ ಇದಕ್ಕೆ," ಅಂದಳು.
"ರೈಲು ಸೇತುವೆಯ ಏರಿನಲ್ಲಿ ಸೈಕಲ್ಲಿನ ಮುದುಕನೊಬ್ಬ
ನನ್ನ ದಾಟಿ ಹೋದ. ಹೋಗುತ್ತ ಟೋಪಿ ಬೇರೆ ಎತ್ತಿದ."

ಟರ್ಬೊದ ಪಕ್ಕೆಗೆ ಅಂಟಿ ಕೂತ ಪುಟ್ಟ ಮೋಟಾರು
ಒಳಹಲ್ಲು ಸವೆದು ಸತ್ತಿತ್ತು.
ಹೊಸದು ಬಂತು ಕೌನಸ್‌ನಿಂದ, ಮುಷ್ಟಿಗಾತ್ರ,
ಮೂರು ಬೋಲ್ಟು, ಒಂದು ಪ್ಲಗ್ಗು.
ಕೂರಿಸಿದವನು ಇಲ್ಗ್ವಾರ್ಸ್, ನನ್ನ ಅಣ್ಣ.
ಕಲಿಸಬೇಕಾದವಳು ನಾನು.

ಹೊಸದಕ್ಕೆ ಏನು ಗೊತ್ತು?
ಈ ಕಡೆ ಗೋಡೆ ಎಲ್ಲಿ, ಆ ಕಡೆ ಎಲ್ಲಿ,
ಎಷ್ಟು ತಳ್ಳಿದರೆ ಮುರಿದುಕೊಳ್ಳುತ್ತೇನೆ,
ಎಲ್ಲಿ ಅಳುಕಿದರೆ ಎಂಜಿನ್ ಏದುಸಿರು ಬಿಡುತ್ತದೆ.
ಕೇಬಲ್ ಸಿಕ್ಕಿಸಿ, ಹಿಟ್ಟಿನ ಧೂಳು ಕೂತ ಸೀಟಿನ ಮೇಲೆ
ಲ್ಯಾಪ್‌ಟಾಪ್ ಇಟ್ಟು, "ಕಲಿಕೆ ಆರಂಭಿಸು" ಒತ್ತಿದೆ.

ಷರತ್ತು ಪೂರೈಸಿಲ್ಲ.

ಯಾವ ಷರತ್ತು ಅಂತ ಹೇಳುವ ಸೌಜನ್ಯ ಇದಕ್ಕಿಲ್ಲ.
ಬ್ಯಾಟರಿ? ಹನ್ನೊಂದು ಮುಕ್ಕಾಲು ವೋಲ್ಟು. ಚಾರ್ಜರ್ ಹಚ್ಚಿದೆ.
ಷರತ್ತು ಪೂರೈಸಿಲ್ಲ.
ಹಿಂಬಾಗಿಲು? ಬ್ರೆಡ್ಡಿನ ಟ್ರೇ ಅಡ್ಡ ಸಿಕ್ಕಿತ್ತು. ಎಳೆದೆ, ಮುಚ್ಚಿದೆ.
ಕೀಲಿ ತೆಗೆದು, ಇಪ್ಪತ್ತು ಎಣಿಸಿ, ಮತ್ತೆ ತಿರುಗಿಸಿದೆ.
ಷರತ್ತು ಪೂರೈಸಿಲ್ಲ.

ಈ ಉತ್ತರ ನನಗೆ ಹೊಸದೇನಲ್ಲ.
ಅಪ್ಪನ ದೋಣಿಯನ್ನು ನಾನು ಮಾರಿದ ಮೇ ತಿಂಗಳಿಂದ
ಇಲ್ಗ್ವಾರ್ಸ್‌ದೂ ಇದೇ ವರಸೆ.
ಮೊದಲು ಏನೋ ಆಗಬೇಕಂತೆ. ಏನು ಅಂತ ಬಾಯಿ ಬಿಡುವುದಿಲ್ಲ.
ಬೇಕಾದ ಸ್ಪ್ಯಾನರಿನ ನಂಬರನ್ನು ಗೋಡೆಗೆ ಹೇಳುತ್ತಾನೆ;
ಗೋಡೆಯೇ ಕೊಟ್ಟ ಹಾಗೆ ನಾನು ಕೊಡುತ್ತೇನೆ.

ನಾಲ್ಕನೆಯ ಸಲ ಚಾರ್ಜರಿನ ಮುಳ್ಳು ಮೇಲೇರಿತ್ತು.
ಕಿರ್ರೆಂದು ಸನ್ನೆ ಕದಲಿತು, ಹೊರಟಿತು, ನಿಂತಿತು.

"ಎಷ್ಟು?"
ಬಾನೆಟ್ಟಿನ ಅಡಿಯಿಂದ. ಗೋಡೆಗಲ್ಲ.
"ತೊಂಬತ್ತನಾಲ್ಕು. ಆಮೇಲೆ ಜಪ್ಪಯ್ಯ ಅಂದರೂ ಅಲ್ಲಾಡಲ್ಲ."

ಹೊಸದರ ತಪ್ಪಲ್ಲ. ಹಳೆಯ ಟರ್ಬೊದ ರೆಕ್ಕೆಗಳ ಸಂದಿಯಲ್ಲಿ
ನೂರಕ್ಕೆ ಆರು ಪಾಲು ಮಸಿ,
ಎಷ್ಟು ಚಳಿಗಾಲಗಳದ್ದೋ, ಎಷ್ಟು ಬೆಳಗಿನ ಬ್ರೆಡ್ಡಿನದ್ದೋ.
ಅವನು ಸರಳು ಕಳಚಿ, ಸಂದಿಗೆ ಎಣ್ಣೆ ಹನಿಸಿ,
ಎರಡೇ ಬೆರಳಲ್ಲಿ ಹಿಂದೆ, ಮುಂದೆ, ಹಿಂದೆ.
ಸುತ್ತಿಗೆ ಮುಟ್ಟಲಿಲ್ಲ. ಅಪ್ಪನಾಗಿದ್ದರೆ ಮುಟ್ಟುತ್ತಿದ್ದ.

"ಎಷ್ಟು?"
"ತೊಂಬತ್ತಾರು."
ಸ್ಕೈದ್ರೀತೆ ಫ್ಲಾಸ್ಕಿನ ಚಹಾ ಸುರಿದಳು, ಆರಿತು.
"ಎಷ್ಟು?"
"ತೊಂಬತ್ತಾರೇ."
ಶೆಡ್ಡಿನ ತಗಡು ಒಂದು ಸಲ ಎದ್ದು ಕೂತಿತು.
"ಈಗ?"
"ತೊಂಬತ್ತೆಂಟೂವರೆ."
"ಅರೆ ಬೇಡ, ಪೂರ್ತಿ ಹೇಳು."
"ಇದ್ದದ್ದು ಹೇಳ್ತೀನಿ."
ಬಾನೆಟ್ಟಿನಡಿ ಕೆಮ್ಮಿದನೋ ನಕ್ಕನೋ, ತಿಳಿಯಲಿಲ್ಲ.

ಕತ್ತಲಾದ ಮೇಲೆ ಸನ್ನೆ ಆ ತುದಿಯನ್ನು ಮುಟ್ಟಿತು,
ಗೋಡೆ ಹೌದೋ ಅಲ್ಲವೋ ಅಂತ ಒಂದು ಕ್ಷಣ ಒತ್ತಿ ನೋಡಿ
ಈ ತುದಿಗೆ ಮರಳಿತು.
ಕಲಿತಿದೆ, ಅಂತ ಹಸಿರಿನಲ್ಲಿ ಬಂತು. ಅಷ್ಟೇ. ಅಭಿನಂದನೆ ಇಲ್ಲ.

ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಸೇತುವೆ ಏರಿದೆವು.
ತೊಡೆಯ ಮೇಲಿನ ತೆರೆಯಲ್ಲಿ ಎರಡು ಗೆರೆ,
ಎಂಜಿನ್ ಕೇಳಿದ್ದು ನೀಲಿ, ಟರ್ಬೊ ಕೊಟ್ಟದ್ದು ಕೆಂಪು;
ಕೆಂಪು ಕೂದಲೆಳೆ ತಡವಾಗಿ, ಆದರೂ ಬೆನ್ನು ಬಿಡದೆ.
ಆ ಸೈಕಲ್ಲಿನ ಮುದುಕ ಸಿಗಲಿಲ್ಲ.
ಸ್ಕೈದ್ರೀತೆಗೆ ಅದೊಂದು ಕೊರಗು.

ಅವಳು ಹೋದ ಮೇಲೆ ಕೈ ತೊಳೆಯುತ್ತ ಅವನು ಕೇಳಿದ:
"ಎಷ್ಟು?"
ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದೆ.
"ದೋಣಿಗೆ," ಅಂದ.
ಹೇಳಿದೆ.
"ಕಮ್ಮಿಯಾಯ್ತು," ಅಂದು
ಟವೆಲಿನ ಒಣ ತುದಿ ನನ್ನ ಕಡೆ ತಿರುಗಿಸಿ ಕೊಟ್ಟ.