ಕೊಟ್ಟಾರಕ್ಕೆ ಹದಿನಾಲ್ಕು ನಿಮಿಷ

ನನ್ನ ಪರದೆಯಲ್ಲಿ ಮಂಗಳೂರು ಎಂದರೆ
ಅರವತ್ತೆರಡು ತುಂಡು ನೆಲ, ತೊಂಬತ್ತು ಗೆರೆ.
ತುಂಡಿಗೊಂದು ಇಳಿಜಾರು, ಗೆರೆಗೊಂದು ಒರಟುತನ.
ಬಿಜೈಯ ದಿಣ್ಣೆ ಒಂದು ಅಂಕಿ,
ಕೊಟ್ಟಾರದ ತಗ್ಗು ಇನ್ನೊಂದು,
ನಡುವಿನ ತೋಡಿಗೆ ನಾನಿಟ್ಟ ಹೆಸರು ಸಿ-ಹದಿನೇಳು.
ಅದರಲ್ಲಿ ವಾಸನೆ ಇಲ್ಲ, ತೇಲುವ ಚಪ್ಪಲಿ ಇಲ್ಲ,
ಬೊಂಡದ ಚಿಪ್ಪು ಇಲ್ಲ.
ಇದ್ದರೂ ಒರಟುತನದ ಮೂರನೇ ದಶಾಂಶದಲ್ಲಿ
ಎಲ್ಲೋ ಮುದುಡಿ ಕೂತಿರಬೇಕು.

ನಿಜದ ತಾರಸಿ ಒಂದೇ ಒಂದು:
ಬಿಜೈಯಲ್ಲಿ ನಾಲ್ಕು ಮಾಳಿಗೆಯ ನರ್ಸಿಂಗ್ ಹಾಸ್ಟೆಲ್ಲಿನದು.
ಹತ್ತು ಸೆಂಟಿಮೀಟರ್ ಮಣ್ಣು, ಮುರಕಲ್ಲಿನ ಪುಡಿ, ತೆಂಗಿನ ನಾರು,
ಮೇಲೆ ಪುಣೆಯಿಂದ ತರಿಸಿದ ದಪ್ಪೆಲೆಯ ಸಸಿ.
ಸಸಿ ಜೂನ್ ಮುಗಿಯುವ ಮೊದಲೇ ಕೊಳೆತುಹೋಯಿತು.
ಹಾಸ್ಟೆಲ್ ನೋಡಿಕೊಳ್ಳುವ ಸೆವ್ರಿನ್ ಬಾಯಿ, ಯಾರನ್ನೂ ಕೇಳದೆ,
ಹರಿವೆ ಎರಚಿದರು, ತಿಮರೆ ಊರಿದರು,
ಟ್ಯಾಂಕಿನ ಕಾಲಿಗೆ ಬಸಳೆ ಹಬ್ಬಿಸಿದರು.
ಮಾದರಿಗೆ ಬೇಕಾದದ್ದು ಎಲೆಯ ವಿಸ್ತಾರ ಮಾತ್ರ,
ಸಾರಿಗೋ ಚಟ್ನಿಗೋ ಎಂದು ಅದು ಕೇಳುವುದಿಲ್ಲ.

ಮಳೆಮಾಪಕದೊಳಗೆ ಏತದಂಥ ಜೋಡಿ ಬಟ್ಟಲು:
ಒಂದು ತುಂಬಿ ವಾಲಿದರೆ ಟಿಕ್, ಮತ್ತೆ ಇನ್ನೊಂದು.
ಆಟಿಯ ನಡುವೆ ಎರಡು ದಿನ ಟಿಕ್ ಇಲ್ಲ.
ಮಂಗಳೂರಿನಲ್ಲಿ, ಆಟಿಯಲ್ಲಿ, ಮಳೆ ಸೊನ್ನೆ!
ಮುಚ್ಚಳ ತೆಗೆದರೆ ಬಟ್ಟಲಿನ ಅಂಚಿಗೆ
ಉಗುರಿನಷ್ಟು ಕಪ್ಪೆಮರಿ,
ಇಡೀ ಮುಂಗಾರನ್ನು ತೂಕಕ್ಕೆ ತೂಕ ಹಿಡಿದು ಕೂತಿತ್ತು.

ಲೆಕ್ಕ ಕಷ್ಟದ್ದಲ್ಲ.
ಬಿದ್ದದ್ದರಲ್ಲಿ ಆರಿದ್ದು ಕಳೆ, ಮಣ್ಣು ಹಿಡಿದದ್ದು ಕಳೆ,
ಉಳಿದದ್ದು ಪೈಪಿಗೆ.
ಬಿಜೈಯ ಸಪಾಟು ತಾರಸಿಗಳಿಗೆಲ್ಲ ಈ ಮಣ್ಣು ಹೊದಿಸಿ
ಒಂದು ರಾತ್ರಿ ಓಡಿಸಿದೆ.
ಬೆಳಗಿನ ನಾಲ್ಕಕ್ಕೆ ಎರಡು ಗೆರೆ:
ಕೆಂಪಿನದು ಗುಡ್ಡದಂತೆ ಎದ್ದಿತ್ತು,
ಹಸಿರಿನದು ಸ್ವಲ್ಪ ಕುಳ್ಳು, ಸ್ವಲ್ಪ ತಡ.
ಎಷ್ಟು ತಡ? ಹದಿನಾಲ್ಕು ನಿಮಿಷ.

“ಪರವಾಗಿಲ್ಲ, ಬರೆಯಿರಿ” ಎಂದರು ಗೈಡ್.
ಹದಿನಾಲ್ಕು ನಿಮಿಷ ಎಂದರೆ ಎಂಥದು
ನನಗೆ ಗೊತ್ತಾಗಲಿಲ್ಲ.
ಗೆರೆಯ ಕೊನೆಯವರೆಗೆ ನಡೆದು ಹೋದೆ.

ಸಿ-ಹದಿನೇಳರ ದಡದಲ್ಲಿ
ಪುತ್ತುಬಾವರ ಹಾಸಿಗೆ ಅಂಗಡಿ.
ಗೋಡೆಗೆ ಸೊಂಟದೆತ್ತರ ಕಂದು ಗೀಟು,
ಅದರ ಕೆಳಗೆ ಸುಣ್ಣ ಹಿಡಿಯುವುದಿಲ್ಲ.
“ಹತ್ತಿ ಉಂಟಲ್ಲ ಮೇಡಂ, ಅದು ಮೊದಲು ಕುಡಿಯುತ್ತದೆ.
ಕುಡಿಯುತ್ತದೆ, ಕುಡಿಯುತ್ತದೆ, ಒಂದು ಹನಿ ಹೊರಗೆ ಬಿಡುವುದಿಲ್ಲ.
ಹೊಟ್ಟೆ ತುಂಬಿದ ಮೇಲೆ ಹೊಯ್ದಷ್ಟೂ ಹೊರಗೆ.
ಆಗ ಒಂದು ಹಾಸಿಗೆ ಎತ್ತಲಿಕ್ಕೆ ನಾಲ್ಕು ಜನ,
ಮಯ್ಯತ್ತು ಎತ್ತಿದ ಹಾಗೆ.”

ಮೂರು ವರ್ಷ ನಾನು ಸಮೀಕರಣ ಬರೆದದ್ದು ಇದಕ್ಕೆ.

ಮೂರು ದಿನ ಬಿಡದೆ ಹೊಯ್ದರೆ
ನಮ್ಮ ತಾರಸಿಯೂ ನಿಮ್ಮ ಹತ್ತಿಯೇ, ಎಂದೆ.
ನಾಲ್ಕನೆಯ ದಿನ ಹಸಿರು ಗೆರೆ
ಕೆಂಪು ಗೆರೆಯ ಮೈಮೇಲೆಯೇ ಮಲಗುತ್ತದೆ.
ಹೇಳದಿದ್ದರೆ ಮೋಸ.
ತಲೆಯಾಡಿಸಿದರು. “ಮೊದಲ ದಿನದ ಮಳೆಗೆ?”
“ಹದಿನಾಲ್ಕು ನಿಮಿಷ. ಎಲ್ಲರೂ ಮಣ್ಣು ಹಾಕಿಸಿದರೆ.”
‘ಎಲ್ಲರೂ’ ಎಂಬಲ್ಲಿ ಇಬ್ಬರಿಗೂ ನಗು ಬಂತು.

ಆಮೇಲೆ ಅಟ್ಟದ ಏಣಿ ನೋಡಿದರು, ಅಳಿಯನನ್ನು ನೋಡಿದರು,
ಒಂದೊಂದೇ ಬೆರಳು ಮಡಚಿದರು.
“ಒಣಗಿದ್ದು ಮೇಲೇರಿಸಲು ಒಂದೂವರೆ ನಿಮಿಷ...
ಒಂಬತ್ತು. ಡಬಲ್ ಆದರೆ ಆರು.”

ಪ್ರಬಂಧದ ಕೋಷ್ಟಕಕ್ಕೆ ಕೊನೆಯಲ್ಲೊಂದು ಕಾಲಂ ಸೇರಿಸಿದೆ.
ಮಾನ: ಹಾಸಿಗೆ.
ಗೈಡ್ ಅದನ್ನು ಹೊಡೆದುಹಾಕಿ
ಪಕ್ಕದಲ್ಲಿ ದೊಡ್ಡ ಪ್ರಶ್ನೆಚಿಹ್ನೆ ಇಟ್ಟರು.

ಸಾಯಂಕಾಲ ಕಡಲ ಕಡೆ ಕಪ್ಪಾಯಿತು.
ಸೆವ್ರಿನ್ ಬಾಯಿ ಬಸಳೆ ಕೊಯ್ಯುತ್ತಿದ್ದರು.
ಫೋನು ಬಂತು.
“ಮೇಡಂ, ಮೇಲೆ ಟಿಕ್ ಶುರುವಾಯಿತಾ?”
ಅತ್ತ ಕಡೆಯಿಂದ, ಸಿಮೆಂಟಿನ ಮೇಲೆ,
ಏಣಿ ಎಳೆಯುವ ಸದ್ದು.