ಸಣ್ಣ ಅಂಕಿಗೆ ಮೊದಲ ಮರ್ಯಾದೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹತ್ತಕ್ಕೆ ಹರಾಜು.
ಒಂಬತ್ತೂ ಹತ್ತಾದರೂ ನನ್ನ ಕಂಪ್ಯೂಟರು
ಯಾರ ಮಾತನ್ನೂ ಕೇಳುತ್ತಿಲ್ಲ.

ಹಳದಿ ಗೂಡು, ಬಿಳಿ ಗೂಡು,
ಜಾಲರಿಗೊಂದು ಲಾಟು ನಂಬರು ಬರೆದಾಗಿದೆ.
ನಂಬರು ಪರದೆಗೆ ಬರಬೇಕಷ್ಟೆ.
ಪರದೆಯ ನಡುವೆ ಚಕ್ರವೊಂದು ಸುತ್ತುತ್ತಲೇ ಇದೆ,
ನೂಲು ಕಡಿದದ್ದು ತಿಳಿಯದ ರಾಟೆ.

ಗೋಡೆಯಾಚೆಯಿಂದ ಬಂದದ್ದು ನೀಲಿ ವೈರು.
ಅದರ ಕ್ಲಿಪ್ಪಿನ ಹಲ್ಲು ಮುರಿದು ವರ್ಷವಾಯಿತು,
ಬೆಂಕಿಕಡ್ಡಿ ಸಿಕ್ಕಿಸಿ ನಾನೇ ನಿಲ್ಲಿಸಿದ್ದೇನೆ.
ಆ ತುದಿಯಲ್ಲಿ ತೂಕದ ಯಂತ್ರ, ಲಾಟಿನ ಲೆಕ್ಕ,
ಯಾವ ಊರಿನ ಗೂಡು, ಎಷ್ಟು ಕೇಜಿ.
ಹೋದ ಬುಧವಾರ ಸಾಹೇಬರ ಕೋಣೆಯಲ್ಲಿ
ಎರಡು ಕೊಂಬಿನ ವೈಫೈ ಡಬ್ಬಿ ಕೂರಿಸಿ ಹೋದರು.
ಅದಕ್ಕೆ ಬ್ಯಾಂಕು ಗೊತ್ತು, ಬೆಂಗಳೂರು ಗೊತ್ತು,
ಪಕ್ಕದ ಗೋಡೆ ಗೊತ್ತಿಲ್ಲ.

ವೈರು ಕಿತ್ತೆ. ಬ್ಯಾಂಕು ಬಂತು, ಲಾಟು ಹೋಯಿತು.
ವೈಫೈ ಆರಿಸಿದೆ. ಲಾಟು ಬಂತು, ಬ್ಯಾಂಕು ಹೋಯಿತು.
ಎರಡನ್ನೂ ಇಟ್ಟರೆ
ಎರಡು ಮನೆಗೆ ಊಟಕ್ಕೆ ಒಪ್ಪಿಕೊಂಡ ನೆಂಟನ ಹಾಗೆ
ನಡುಬೀದಿಯಲ್ಲಿ ನಿಂತುಬಿಡುತ್ತದೆ
ಹಸಿದುಕೊಂಡು.

ರೀಸ್ಟಾರ್ಟ್ ಮಾಡಿ ಮೇಡಂ, ಅಂದ ಫೋನಿನ ಹುಡುಗ.
ನಿನ್ನೆಯಿಂದ ಆರು ಜನ್ಮ ಕೊಟ್ಟಿದ್ದೇನಪ್ಪ ಇದಕ್ಕೆ,
ಪ್ರತಿ ಜನ್ಮದಲ್ಲೂ ಇದೇ ಕರ್ಮ.

ಕಪ್ಪು ಕಿಟಕಿ ತೆರೆದು ಕೂಗಿ ನೋಡಿದೆ,
ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟ ಹಾಗೆ.
ನಮ್ಮ ಕಡೆಯ ಬಾವಿಗಳಲ್ಲಿ
ಕಲ್ಲಿಗೆ ಕಲ್ಲು ಬಡಿದ ಸದ್ದೇ ಹೆಚ್ಚು.
ಒಂದು, ಉತ್ತರವಿಲ್ಲ. ಎರಡು, ಇಲ್ಲ.
ಮೂರು.

ಕಿಟಕಿಯ ಸರಳಿಗೆ ಹಣೆ ಒತ್ತಿ
ಖೈರುನ್ನೀಸಾ ನಿಂತಿದ್ದಳು, ಮಡಿಸಿದ ಚೀಲ ಕಂಕುಳಲ್ಲಿ.
ಮೂವತ್ತು ವರ್ಷ ಬೇಸನ್ನಿನ ಕುದಿನೀರಲ್ಲಿ ಆಡಿದ ಬೆರಳು;
ಗೆರೆಗಳೆಲ್ಲ ಬೆಂದು ಅಳಿಸಿ
ರೇಷನ್ ಅಂಗಡಿಯ ಯಂತ್ರ ಇವಳನ್ನು
ಇವಳೆಂದು ಒಪ್ಪುವುದಿಲ್ಲ.
ಯಂತ್ರದ ಹಟ ಅವಳಿಗೆ ಹೊಸದಲ್ಲ.
"ಎಳೀಬೇಡ ಪ್ರಮೀಳಾ," ಅಂದಳು,
"ಸಿಕ್ಕಾದಾಗ ಎಳೆದ್ರೆ ಇನ್ನೂ ಗಂಟು.
ತುದಿ ಎಲ್ಲಿ ಅಂತ ನೋಡು, ತುದಿ."

ತುದಿ.
ಎಲ್ಲ ಕಿತ್ತು ಸಿಕ್ಕಿಸುವುದು ಬಿಟ್ಟು
ಸುಮ್ಮನೆ ಓದುತ್ತ ಹೋದೆ, ಪುಟದ ಒಳಗೆ ಪುಟ,
ಅದರ ಒಳಗೊಂದು ಪುಟ್ಟ ಖಾನೆ.
ಅಲ್ಲಿ ದಾರಿಗೊಂದು ಅಂಕಿ ಇರುತ್ತದೆ.
ವೈರಿಗೆ ಇಪ್ಪತ್ತೈದು, ವೈಫೈಗೆ ಐವತ್ತು,
ಸಣ್ಣ ಅಂಕಿಗೆ ಮೊದಲ ಮರ್ಯಾದೆ.
ಹಾಗಾಗಿ ಬ್ಯಾಂಕಿನ ದಾರಿ ಕೇಳಿದವರನ್ನೂ
ಇದು ತೂಕದ ಕೋಣೆಗೇ ಕಳಿಸುತ್ತಿತ್ತು;
ಅಲ್ಲಿಂದಾಚೆ ಬಾಗಿಲೇ ಇಲ್ಲ.

ವೈರಿಗೆ ನೂರು ಬರೆದೆ, ವೈಫೈಗೆ ಹತ್ತು.
ಗೋಡೆಯಾಚೆಯ ಮನೆಗೆ ಹೋಗಲು
ಯಾರೂ ಯಾರನ್ನೂ ದಾರಿ ಕೇಳುವುದಿಲ್ಲವಲ್ಲ,
ಅದು ಹಳೆಯ ವೈರಿನಲ್ಲೇ ಹೋಯಿತು.
ದೂರದ್ದೆಲ್ಲ ಗಾಳಿಯಲ್ಲಿ.
ಒಂಬತ್ತೂ ಐವತ್ತೆರಡಕ್ಕೆ
ಲಾಟು ಒಂದು, ಲಾಟು ಎರಡು, ಲಾಟು ಮೂರು,
ಸುರುಗೊಂಡಿತು ಪರದೆ.

"ಏನ್ ಮಾಡ್ದೆ?"
ಹೇಳಿದೆ. ಇದರಲ್ಲಿ ಕಡಿಮೆ ಅಂದವನೇ ಗೆಲ್ಲೋದು.
ಅವಳು ಸಭಾಂಗಣದ ಕಡೆ ತಿರುಗಿ ನೋಡಿ,
ಮೊಬೈಲು ಹಿಡಿದು ತಯಾರಾದ ಹೆಬ್ಬೆರಳುಗಳನ್ನು ನೋಡಿ
ಸೆರಗು ಬಾಯಿಗೊತ್ತಿ ನಕ್ಕಳು.
"ಹೊರಗೆ ಹೇಳ್ಬೇಡ ತಾಯಿ, ರೈತರು ಹೊಡೆದಾರು."

ಮೂವತ್ತೊಂದನೇ ಲಾಟಿಗೆ ಅವಳು
ನಾನೂರ ಹನ್ನೆರಡು ಕೂಗಿದಳು.
ಯಾರೋ ನಾನೂರ ಹದಿನಾಲ್ಕು ಒತ್ತಿದರು.
ಪರದೆ ತಡೆಯಲಿಲ್ಲ, ತಿಣುಕಲಿಲ್ಲ,
ಕ್ಷಣದಲ್ಲಿ ತೋರಿಸಿತು, ಎಲ್ಲರಿಗೂ, ದೊಡ್ಡ ಅಕ್ಷರದಲ್ಲಿ.

ಚೀಲವನ್ನು ಮತ್ತೆ ನಾಲ್ಕು ಮಡಿಕೆ ಮಡಿಸಿ
ಹೋಗುವಾಗ ಕಿಟಕಿಗೆ ಬಂದಳು.
ನಾನು ತಲೆ ಎತ್ತಲಿಲ್ಲ.
"ಚೆನ್ನಾಗಿ ಓಡ್ತಿದೆ ಇವತ್ತು," ಅಂದಳು
ಬೆಂಕಿಕಡ್ಡಿಯ ಕಡೆ ಕೈ ತೋರಿ.